ಮೈಮೇಲೆ ಒಂದು ದಿನ

ನಮ್ಮವರು ವಾಚ್ ರಿಪೇರಿ ಮಾಡುತ್ತಾರೆ. ಮೂವತ್ತೊಂದು ವರ್ಷದಿಂದ ಅದೇ ಅಂಗಡಿ, ಅದೇ ಸ್ಟೂಲು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅದೇ ಭೂತಗನ್ನಡಿ. ಅಂಗಡಿ ಎಂದರೆ ದೊಡ್ಡದೇನಲ್ಲ. ಇಬ್ಬರು ಒಳಗೆ ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು. ನಾನು ಮುಂದಿನ ಕೌಂಟರಿನಲ್ಲಿ ಕೂರುತ್ತೇನೆ. ಚೀಟಿ ಬರೆಯುವುದು, ಗಿರಾಕಿಗಳ ಜೊತೆ ಜಗಳ ಆಡುವುದು ನನ್ನ ಪಾಲಿನ ಕೆಲಸ. ಅವರಿಗೆ ಮಾತಾಡಲು ಬಾರದು, ನನಗೆ ಸುಮ್ಮನಿರಲು ಬಾರದು. ಪಕ್ಕದ ಕಟಿಂಗ್ ಶಾಪಿನವನು, "ಅಕ್ಕ, ಊರಿನ ವಾಚಿಗೆಲ್ಲ ವಾಚಣ್ಣ ಕೀ ಕೊಡ್ತಾರೆ, ವಾಚಣ್ಣನಿಗೆ ನೀವು ಕೀ ಕೊಡ್ತೀರಿ" ಎಂದು ರೇಗಿಸುತ್ತಿದ್ದ. ಅದೇನು ಸುಳ್ಳಲ್ಲ ಬಿಡಿ.

ನಮ್ಮವರದು ಒಂದು ಪದ್ಧತಿ. ಯಾವುದೇ ವಾಚ್ ರಿಪೇರಿಯಾದರೂ ಗಿರಾಕಿಗೆ ಕೊಡುವ ಮೊದಲು ಅದನ್ನು ಒಂದು ದಿನ ತಮ್ಮ ಮೈಮೇಲೆ ಇಟ್ಟುಕೊಂಡು ನೋಡುತ್ತಾರೆ. ಮೇಜಿನ ಮೇಲೆ ಚೆನ್ನಾಗಿ ಓಡುವ ವಾಚ್ ಕೈಗೆ ಕಟ್ಟಿದ ಮೇಲೆ ನಿಂತುಬಿಡುತ್ತದಂತೆ. ಅದಕ್ಕೆ ಮೈಯ ಬಿಸಿ ತಾಗಬೇಕು, ಬೆವರು ತಾಗಬೇಕು, ನಡಿಗೆಯ ಕುಲುಕಾಟ ತಾಗಬೇಕು. ಅದೂ ಪೂರ್ತಿ ಕೀ ಕೊಟ್ಟೇ ಕಟ್ಟಿಕೊಳ್ಳಬೇಕು, ಅರ್ಧ ಕೀ ಕೊಟ್ಟರೆ ಸ್ಪ್ರಿಂಗಿನ ಬಂಡವಾಳ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಹಾಗಾಗಿ ಅವರ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಳಕೈವರೆಗೆ ಮೂರು ನಾಲ್ಕು ವಾಚ್ ಯಾವಾಗಲೂ ಇರುತ್ತಿದ್ದವು. ಜೇಬಿನಲ್ಲಿ ಒಮ್ಮೊಮ್ಮೆ ಅಲಾರಾಂ ಗಡಿಯಾರ ಬೇರೆ. ಒಂದು ಸಲ ನೆಂಟರ ಮನೆಯ ಸಾವಿಗೆ ಹೋಗಿದ್ದೆವು. ಎಲ್ಲರೂ ಬಿಕ್ಕಿ ಬಿಕ್ಕಿ ಅಳುತ್ತಿರುವಾಗ ಇವರ ಜೇಬು ಗಣಗಣ ಬಡಿದುಕೊಂಡಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಇವರು ಮಾತ್ರ ನಿಧಾನವಾಗಿ ಅದನ್ನು ನಿಲ್ಲಿಸಿ, "ಎರಡು ನಿಮಿಷ ಮುಂದಿದೆ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಇಂಥ ಮನುಷ್ಯನ ಮೇಲೆ ಕೊಲೆ ಕೇಸು ಬಿತ್ತು.

ಆದದ್ದು ಹೀಗೆ. ನಮ್ಮ ಹಳೆಯ ಗಿರಾಕಿ ಒಬ್ಬರು ಟೀಚರಮ್ಮ, ನಿವೃತ್ತರು. ಅವರ ಯಜಮಾನರು ತೀರಿಕೊಂಡ ಮೇಲೆ ಬೀರುವಿನಲ್ಲಿ ಅವರ ಪಿಸ್ತೂಲು ಉಳಿದಿತ್ತು. ಲೈಸೆನ್ಸ್ ಯಜಮಾನರ ಜೊತೆಗೇ ಮುಗಿದಿತ್ತು. ಸ್ಟೇಷನ್ನಿಗೆ ಒಪ್ಪಿಸಬೇಕು ಎಂದು ಆಕೆಗೆ ಗೊತ್ತು, ಆದರೆ ಅದರೊಳಗೆ ಏನೋ ಸಿಕ್ಕಿಹಾಕಿಕೊಂಡಿತ್ತು, ಜೊತೆಗೆ ಗುಂಡು ಬೇರೆ. ಮುಟ್ಟಲು ಭಯ. ಒಂದು ದಿನ ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಅಂಗಡಿಗೆ ತಂದು, "ನಿಮ್ಮ ಕೈಲಿ ಆಗದ ಸ್ಪ್ರಿಂಗೇ ಇಲ್ಲ, ಇದನ್ನೊಂದು ಬಿಡಿಸಿಕೊಡಿ, ಆಮೇಲೆ ಪೊಲೀಸಿನವರಿಗೆ ಕೊಟ್ಟು ಕೈ ತೊಳ್ಕೋತೀನಿ" ಎಂದರು. ನಾನು ಆ ದಿನ ಅಣ್ಣನ ಮನೆಗೆ ಹೋಗಿದ್ದೆ. ಇದ್ದಿದ್ದರೆ ಅದನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ಇವರು ಬಿಡಿಸಿದರು, ಒರೆಸಿದರು, ಸೋತಿದ್ದ ಸ್ಪ್ರಿಂಗ್ ಬದಲಾಯಿಸಿದರು. ಅಲ್ಲಿಗೆ ನಿಲ್ಲಿಸಬಾರದಿತ್ತೇ? ಮೂವತ್ತೊಂದು ವರ್ಷದ ಪದ್ಧತಿ, ಕೈ ಕೇಳಲಿಲ್ಲ. ಖಾಲಿ ಇಟ್ಟರೆ ಸ್ಪ್ರಿಂಗಿಗೆ ಕೆಲಸವೇ ಇಲ್ಲವಲ್ಲ ಎಂದು ಇದ್ದ ಐದು ಗುಂಡನ್ನೂ ಒಳಗೆ ತುಂಬಿ, ಪ್ಯಾಂಟಿನ ಬಲಜೇಬಿಗೆ ಹಾಕಿಕೊಂಡರು. ಎಡಗೈಯಲ್ಲಿ ಆ ದಿನ ನಾಲ್ಕು ವಾಚ್. ಸಂಜೆ ಅಂಗಡಿ ಮುಚ್ಚಿ, ಸೆಕೆ ಎಂದು ತೋಳು ಮಡಚಿಕೊಂಡು, ಸಿನಿಮಾ ಟಾಕೀಸಿನ ಹಿಂದಿನ ಓಣಿಯಲ್ಲಿ ಮನೆಗೆ ಬರುತ್ತಿದ್ದರು. ಒಂದು ಕೈಯಲ್ಲಿ ನಾಲ್ಕು ವಾಚ್ ಕಟ್ಟಿಕೊಂಡು ಒಂಟಿಯಾಗಿ ಬರುವವರನ್ನು ಯಾರು ತಾನೇ ಬಿಡುತ್ತಾರೆ? ಒಬ್ಬ ಚಾಕು ಹಿಡಿದು ಅಡ್ಡ ನಿಂತ. ಕೊನೆಗೆ ಅವನು ಸತ್ತ, ಇವರು ಕೈಯಲ್ಲಿ ಗಾಯ ಹೊತ್ತು ಜೈಲಿಗೆ ಹೋದರು.

ಅವನು ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದವನು, ಕೆಲಸ ಹೋಗಿ ಎರಡು ತಿಂಗಳಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಓಣಿಯಲ್ಲಿ ನಡೆದದ್ದನ್ನು ನೋಡಿದವರು ಯಾರೂ ಇಲ್ಲ. ಇದ್ದದ್ದು ಇವರ ಬಾಯಿ ಮಾತು ಒಂದೇ. ಕೋರ್ಟು ಅದನ್ನು ನಂಬಿದರೆ ಮನೆ, ನಂಬದಿದ್ದರೆ ಜೀವಾವಧಿ. ಇವರಿಗೆ ಆಗ ಐವತ್ತಾರು.

ಬೀದಿಯಲ್ಲಿ ಎಂಟು ತಿಂಗಳು ಇದೇ ಮಾತು. ನನ್ನ ಅಣ್ಣ ಲಾರಿ ಓಡಿಸಿ ನಿವೃತ್ತನಾದವನು, ಕಾನೂನೆಲ್ಲ ತನ್ನ ಸ್ಟಿಯರಿಂಗಿನಲ್ಲೇ ಇದೆ ಎಂಬ ಭಾವನೆ. ಕಟಿಂಗ್ ಶಾಪಿನ ಬೆಂಚಿನ ಮೇಲೆ ಕೂತು, "ನೋಡು, ಲೈಸೆನ್ಸ್ ಇಲ್ದೆ ಗಾಡಿ ಓಡಿಸಿದೋನು ಗುದ್ದಿಸ್ಕೊಂಡ್ರೂ ತಪ್ಪು ಅವನದೇ ಅಂತಾರೆ. ಹಂಗೇ ಇದು. ಕಳ್ಳ ಬಂದೂಕು ಜೇಬಲ್ಲಿಟ್ಕೊಂಡು ಹೋಗಿ, ಆಮೇಲೆ ಆತ್ಮರಕ್ಷಣೆ ಅಂದ್ರೆ ಯಾರು ಕೇಳ್ತಾರೆ" ಎಂದ.

ಕಟಿಂಗ್ ಶಾಪಿನವನು ಕತ್ತರಿ ಕೆಳಗಿಟ್ಟ. "ಏನಣ್ಣ ಹಿಂಗಂತೀರ. ಗುದ್ದಿದೋನು ಬೇಕಂತಲೇ ಸಾಯ್ಸೋಕೆ ಬಂದಿದ್ರೆ? ಆಗ್ಲೂ ಬ್ರೇಕ್ ಹಾಕ್ಬಾರ್ದಾ, ಲೈಸೆನ್ಸ್ ಇಲ್ಲ ಅಂತ? ಜೀವ ಉಳ್ಸ್ಕೊಳ್ಳೋಕೂ ಲೈಸೆನ್ಸ್ ಮಾಡಿಸ್ಬೇಕೇನ್ರೀ?"

"ಹಂಗಲ್ವೋ. ಬಂದೂಕು ಇಲ್ದಿದ್ರೆ ವಾಚ್ ಕೊಟ್ಟು ಬರ್ತಿದ್ರು ಭಾವ. ಇತ್ತು, ಅದಕ್ಕೇ ಕೈ ಹೋಯ್ತು."

"ಇಲ್ದಿದ್ರೆ ಚಾಕು ಹೊಟ್ಟೇಲಿರ್ತಿತ್ತು ಅನ್ನಿ."

ಅರ್ಧ ಗಡ್ಡ ಕೆರೆಸಿಕೊಂಡ ಗಿರಾಕಿ ಸೋಪಿನ ಮುಖದಲ್ಲೇ ನಡುವೆ ಬಾಯಿ ಹಾಕುತ್ತಿದ್ದ. ನಾನು ಕೌಂಟರಿನಿಂದಲೇ ಕೂಗುತ್ತಿದ್ದೆ, "ಲೇ, ನಿಮಗೆ ಬೇರೆ ಕೆಲಸ ಇಲ್ವಾ" ಎಂದು. ಆದರೆ ಕಿವಿ ಅಲ್ಲೇ ಇರುತ್ತಿತ್ತು. ಅಣ್ಣನ ಮಾತು ಕೇಳಿದರೆ ಮೈ ಉರಿಯುತ್ತಿತ್ತು, ಕಟಿಂಗ್ ಶಾಪಿನವನ ಮಾತು ಕೇಳಿದರೆ ಒಂದು ಗಳಿಗೆ ಸಮಾಧಾನ. ಆಮೇಲೆ ಅಣ್ಣ ಹೇಳಿದ್ದೇ ನಿಜವಾದರೆ ಎಂದು ಬರೆಯುತ್ತಿದ್ದ ಚೀಟಿ ತಪ್ಪಿಹೋಗುತ್ತಿತ್ತು. ಈ ಕಡೆ ಗಿರಾಕಿಗಳು ಬಂದು ನಮ್ಮ ವಾಚ್ ಎಲ್ಲಿ ಎಂದರೆ, ಕೋರ್ಟಿನಲ್ಲಿದೆ, ಸಾಕ್ಷಿ ಹೇಳಿ ಬರುತ್ತೆ ಎನ್ನಬೇಕಾಗಿತ್ತು. ನಾಲ್ಕು ಜನಕ್ಕೂ ಅದನ್ನೇ ಹೇಳಿದೆ. ಒಬ್ಬರೂ ನಗಲಿಲ್ಲ.

ನಮ್ಮ ವಕೀಲರು ಒಬ್ಬ ಹೆಂಗಸು. ಸಣ್ಣ ವಯಸ್ಸು, ಮಾತು ಮಾತ್ರ ಅಳೆದು ತೂಗಿ. ಜೈಲಿನ ಭೇಟಿ ಕೋಣೆಯಲ್ಲಿ ಜಾಲರಿಯ ಆ ಕಡೆ ಇವರು, ಈ ಕಡೆ ನಾವಿಬ್ಬರು. ವಕೀಲಮ್ಮ ಬಿಡಿಸಿ ಹೇಳಿದರು. "ಪಿಸ್ತೂಲು ಇಟ್ಕೊಂಡಿದ್ದು ಒಂದು ತಪ್ಪು. ಓಣಿಯಲ್ಲಿ ಆಗಿದ್ದು ಬೇರೆ ವಿಷಯ. ಕಾನೂನು ಎರಡನ್ನೂ ಬೇರೆ ಬೇರೆ ನೋಡಬೇಕು. ಆದ್ರೆ ನೋಡೋರು ಮನುಷ್ಯರು ತಾನೇ. ಗುಂಡು ತುಂಬಿದ ಕಳ್ಳ ಪಿಸ್ತೂಲು ಜೇಬಲ್ಲಿದ್ದೋರ ಮಾತನ್ನ ಯಾಕೆ ನಂಬಬೇಕು ಅಂತ ಸರ್ಕಾರಿ ವಕೀಲರು ಕೇಳ್ತಾರೆ. ಅದಕ್ಕೇ ಕೇಳ್ತಿದ್ದೀನಿ, ಅವತ್ತು ಅದನ್ನ ಯಾಕೆ ತಗೊಂಡು ಹೋಗ್ತಿದ್ರಿ? ಸ್ಟೇಷನ್ನಿಗೆ ಒಪ್ಪಿಸೋಕೇನಾದ್ರೂ?"

ಇವರು ತಲೆ ಅಲ್ಲಾಡಿಸಿದರು. "ಇಲ್ಲಮ್ಮ. ಟ್ರಯಲ್ಲಿಗೆ ಇಟ್ಕೊಂಡಿದ್ದೆ. ನಾಳೆ ಟೀಚರಮ್ಮನಿಗೆ ಕೊಡೋದಿತ್ತು."

ವಕೀಲಮ್ಮ ಪೆನ್ನು ಮುಚ್ಚಿದರು. ಮತ್ತೆ ಕೇಳಲಿಲ್ಲ. ನನಗೆ ಮಾತ್ರ ತಲೆಯಲ್ಲಿ ದೀಪ ಹತ್ತಿತ್ತು. ಸ್ಟೇಷನ್ನು ಇರುವುದೂ ಆ ಟಾಕೀಸಿನ ರಸ್ತೆಯಲ್ಲೇ. ಟೀಚರಮ್ಮ ಬಂದು, ಹೌದು, ಒಪ್ಪಿಸಿ ಬನ್ನಿ ಅಂತ ನಾನೇ ಕಳಿಸಿದ್ದೆ ಎಂದು ಒಂದು ಮಾತು ಹೇಳಿದರೆ ಆಯಿತು. ಯಾರಿಗೆ ನಷ್ಟ? ವಕೀಲಮ್ಮನಿಗೂ ಹೇಳದೆ ಅವತ್ತೇ ಟೀಚರಮ್ಮನ ಮನೆಗೆ ಹೋಗಿ ದಮ್ಮಯ್ಯ ಎಂದು ಕಾಲು ಹಿಡಿದೆ. ಅವರು ಜೀವಮಾನವಿಡೀ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಬೆತ್ತ ಆಡಿಸಿದವರು. ತುಂಬಾ ಹೊತ್ತು ಕನ್ನಡಕ ಒರೆಸುತ್ತ ಕೂತಿದ್ದರು. ಕೊನೆಗೆ, "ನನ್ನ ದೆಸೆಯಿಂದಲೇ ಅಲ್ವಾ ಇಷ್ಟೆಲ್ಲ ಆಗಿದ್ದು. ಹೇಳ್ತೀನಿ" ಎಂದರು.

ಮುಂದಿನ ಭೇಟಿಯಲ್ಲಿ ಇವರಿಗೆ ಹೇಳಿದೆ. "ರೀ, ಎಲ್ಲ ಸರಿ ಮಾಡಿದೀನಿ. ಟೀಚರಮ್ಮ ಹಿಂಗಂತ ಹೇಳ್ತಾರೆ. ನೀವು ಹೂಂ ಅಂದ್ರೆ ಸಾಕು."

ಇವರು ಜಾಲರಿ ಹಿಡಿದು ನನ್ನನ್ನೇ ನೋಡಿದರು. "ನಾನು ಮನೆ ಕಡೆ ಬರ್ತಿದ್ದೆ. ಸ್ಟೇಷನ್ ಆ ಕಡೆ."

"ಅದನ್ನ ಯಾರ್ರೀ ನೋಡಿದಾರೆ?"

"ಅವನು ನೋಡಿದಾನಲ್ಲ."

ಸತ್ತವನ ಮಾತು ಆಡುತ್ತಿದ್ದಾರೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಮೈಯೆಲ್ಲ ಬೆಂಕಿ ಬಿತ್ತು. "ನಿಮ್ಮ ಜೊತೆ ಬಾಳಿ ನನ್ನ ತಲೆಕೂದಲೆಲ್ಲ ನರೆತೋಯ್ತು. ಒಂದು ದಿನ, ಒಂದೇ ಒಂದು ದಿನ ನನ್ನ ಮಾತು ಕೇಳಿ" ಎಂದು ಜಾಲರಿಗೆ ಹಣೆ ಇಟ್ಟು ಅತ್ತೆ. ಇವರು ಏನೂ ಹೇಳಲಿಲ್ಲ. ಸುಮ್ಮನಿದ್ದರೆ ಒಪ್ಪಿಗೆ ಎಂದುಕೊಂಡು ಮನೆಗೆ ಬಂದೆ. ಸಂಸಾರದಲ್ಲಿ ಎಲ್ಲವೂ ಹಾಗೇ ತೀರ್ಮಾನವಾಗುತ್ತಿತ್ತು.

ಕೋರ್ಟಿನ ಕೋಣೆ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಎತ್ತರದ ಕಿಟಕಿ, ಬಣ್ಣ ಹೋದ ಬೆಂಚು, ಕಿರುಗುಟ್ಟುವ ಫ್ಯಾನು. ಜಡ್ಜಿಗೆ ನೆಗಡಿ. ಎರಡು ಮಾತಿಗೊಮ್ಮೆ ಕರ್ಚೀಫು ತೆಗೆಯುತ್ತಿದ್ದರು. ಇಂಥ ಮೂಗು ಸೋರುವ ಮನುಷ್ಯನ ಕೈಯಲ್ಲಿ ನಮ್ಮ ಬದುಕಿದೆಯೇ ಎಂದು ಮೊದಲ ದಿನ ನನಗೆ ಬೇಜಾರಾಗಿತ್ತು.

ಆ ಮೊದಲ ದಿನವೇ ಸತ್ತವನ ಹೆಂಡತಿಯನ್ನು ಕರೆಸಿದ್ದರು. ತೆಳ್ಳನೆಯ ಹೆಂಗಸು, ಕೈಗಳ ತುಂಬ ಇಸ್ತ್ರಿ ಪೆಟ್ಟಿಗೆ ಸುಟ್ಟ ಗುರುತು. ಸರ್ಕಾರಿ ವಕೀಲರು ಒಂದು ಅಡುಗೆ ಚಾಕು ತೋರಿಸಿದರು. ಹಿಡಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿತ್ತು. ಅದರ ಮೇಲೆ ಬೆರಳಚ್ಚು ಕೂತಿರಲಿಲ್ಲ. "ಇದು ನಿಮ್ಮ ಮನೇದಾ?" ಎಂದರೆ, "ಅಲ್ಲ. ನನ್ನ ಗಂಡ ಚಾಕು ಮುಟ್ಟೋ ಆಸಾಮಿ ಅಲ್ಲ" ಎಂದಳು. ಹಾಗಾದರೆ ಚಾಕು ಎಲ್ಲಿಂದ ಬಂತು? ಕೊಂದ ಮೇಲೆ ಆರೋಪಿಯೇ ಇಟ್ಟಿದ್ದು, ಕೈಯನ್ನೂ ತಾನೇ ಗೀರಿಕೊಂಡಿದ್ದು ಎಂದು ಅವರ ವಾದ. ಕಳ್ಳ ಪಿಸ್ತೂಲು ಇಟ್ಟುಕೊಂಡವನು ಒಂದು ಚಾಕು ಇಟ್ಟುಕೊಂಡಿರಲಾರನೇ ಎಂದರು. ಆ ಮಾತಿಗೆ ಬೆಂಚಿನಲ್ಲಿದ್ದವರೆಲ್ಲ ತಲೆದೂಗಿದರು. ನಾನು ಆ ಹೆಂಗಸನ್ನು ಕಣ್ಣಲ್ಲೇ ಸುಟ್ಟುಬಿಡುವ ಹಾಗೆ ನೋಡಿದೆ. ಅವಳೂ ನನ್ನನ್ನು ಹಾಗೇ ನೋಡಿದಳು.

ಎರಡನೆಯ ದಿನ ಟೀಚರಮ್ಮ ಕಟಕಟೆ ಹತ್ತಿದರು. ಹೇಳಿದರು. ಬಾಯಿಪಾಠ ಒಪ್ಪಿಸುವ ಮಕ್ಕಳ ಹಾಗೆ ನೆಟ್ಟಗೆ ನಿಂತು, "ಸ್ಟೇಷನ್ನಿಗೆ ಕೊಟ್ಟು ಬನ್ನಿ ಅಂತ ನಾನೇ ಕಳಿಸಿದ್ದೆ" ಎಂದರು. ನಮ್ಮ ವಕೀಲಮ್ಮ ಚಕಿತರಾಗಿ ನನ್ನ ಕಡೆ ತಿರುಗಿದರು. ನಾನು ಫ್ಯಾನು ನೋಡುತ್ತಿದ್ದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು.

ಆಮೇಲೆ ಇವರ ಸರದಿ. ಎಂಟು ತಿಂಗಳಲ್ಲಿ ಸೊರಗಿ ಹೋಗಿದ್ದರು, ಅಂಗಿ ನೇತುಹಾಕಿದ ಹಾಗೆ ಕಾಣುತ್ತಿತ್ತು. ಎಡಗೈ ಬರಿದಾಗಿತ್ತು. ಮದುವೆಯಾದಾಗಿನಿಂದ ನಾನು ಆ ಕೈಯನ್ನು ಬರಿದಾಗಿ ನೋಡಿದ್ದೇ ಇಲ್ಲ. ವಕೀಲಮ್ಮ ಇನ್ನೂ ಏನೂ ಕೇಳಿರಲಿಲ್ಲ. ಇವರೇ ಜಡ್ಜ್ ಕಡೆ ತಿರುಗಿ, "ಸ್ವಾಮಿ, ಟೀಚರಮ್ಮ ನನ್ನ ಮೇಲಿನ ಕನಿಕರಕ್ಕೆ ಹಂಗೆ ಹೇಳಿದ್ರು. ಅದು ನಿಜ ಅಲ್ಲ" ಎಂದರು.

ವಕೀಲಮ್ಮ ಕಣ್ಣು ಮುಚ್ಚಿಕೊಂಡರು. ನಾನು ಮನಸ್ಸಿನಲ್ಲೇ ಇವರಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಮನೆಹಾಳು ಮನುಷ್ಯ ಎಂದೆ. ಅದನ್ನು ಇಲ್ಲಿ ಬರೆಯಲು ಈಗ ನಾಚಿಕೆಯಾಗುತ್ತದೆ.

ಇವರು ಮುಂದುವರಿಸಿದರು. ಗಿರಾಕಿಗೆ ವಾಚಿನ ಕಾಯಿಲೆ ವಿವರಿಸುವಾಗ ಇರುವ ದನಿ, ಅದೇ ನಿಧಾನ. "ನಂದು ಒಂದು ಪದ್ಧತಿ ಇದೆ. ರಿಪೇರಿ ಮಾಡಿದ್ದನ್ನ ಒಂದು ದಿನ ಮೈಮೇಲೆ ಇಟ್ಕೊಂಡು ನೋಡ್ತೀನಿ. ಪಿಸ್ತೂಲನ್ನೂ ಹಂಗೇ ಇಟ್ಕೊಂಡೆ. ಗುಂಡು ತುಂಬದೇ ಇದ್ರೆ ಸ್ಪ್ರಿಂಗ್ ತಡೀತದೋ ಇಲ್ವೋ ಗೊತ್ತಾಗಲ್ಲ ಅಂತ ತುಂಬಿದೆ. ವಾಚಲ್ಲ ಅದು, ಇಟ್ಕೊಳ್ಳೋಕೆ ಅಪ್ಪಣೆ ಬೇಕು ಅಂತ ಹೊಳೀಲೇ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಹೊಳೀತು. ಒಂದು ದಿನ ತಾನೇ ಅಂದ್ಕೊಂಡೆ. ಅದು ನನ್ನ ತಪ್ಪು. ಅದಕ್ಕೆ ಏನು ಶಿಕ್ಷೆ ಇದೆಯೋ ಕೊಡಿ."

ಜಡ್ಜ್ ಕರ್ಚೀಫು ಮಡಚಿಟ್ಟು ಟೀಚರಮ್ಮನನ್ನು ನೋಡಿದರು. "ನಿಮಗೆ ಹೀಗೆ ಹೇಳಿ ಅಂತ ಯಾರು ಹೇಳಿಕೊಟ್ಟರು?" ಟೀಚರಮ್ಮ ತಲೆ ತಗ್ಗಿಸಿದರು. ನನ್ನ ಕಡೆ ತಪ್ಪಿಯೂ ನೋಡಲಿಲ್ಲ. ಎಪ್ಪತ್ತೆರಡು ವರ್ಷದ ಜೀವ, ಮುಂದಿನ ಬೆಂಚು ಹಿಡಿದು ತಪ್ಪು ಮಾಡಿದ ಮಗುವಿನ ಹಾಗೆ ಎದ್ದು ನಿಂತಿತ್ತು. ನನಗೆ ಕೂರಲಾಗಲಿಲ್ಲ. ಎದ್ದು ನಿಂತು, "ನಾನು. ಅವರ ತಪ್ಪೇನಿಲ್ಲ, ನಾನೇ ಕಾಲು ಹಿಡಿದು ಹೇಳಿಸಿದ್ದು. ಇವರು ಮನೆಗೆ ಬರ್ಲಿ ಅಂತ" ಎಂದೆ. ದನಿ ನನ್ನದಲ್ಲ ಎನ್ನಿಸಿತು.

ಇನ್ನು ನನ್ನನ್ನೂ ಒಳಗೆ ಹಾಕುತ್ತಾರೆ ಎಂದುಕೊಂಡೆ. ಜಡ್ಜ್ ಬಹಳ ಹೊತ್ತು ನಮ್ಮ ಮೂವರನ್ನೂ ನೋಡಿದರು. "ಇದರ ವಿಚಾರ ಆಮೇಲೆ ನೋಡೋಣ" ಎಂದು ಏನನ್ನೋ ಬರೆದುಕೊಂಡು, "ಈ ಕೋಣೆಯಲ್ಲಿ ಇವತ್ತು ನಿಜ ಹೇಳುವವರು ಇನ್ನೂ ಯಾರಾದರೂ ಇದ್ದಾರೆಯೇ?" ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಕುಸಿದು ಕೂತೆ.

ಸರ್ಕಾರಿ ವಕೀಲರು ಎದ್ದರು. ಅವರಿಗೆ ಹಬ್ಬವೋ ಹಬ್ಬ. "ಅಂದರೆ ನಿಮ್ಮ ಬಾಯಲ್ಲೇ ಒಪ್ಪಿಕೊಂಡ ಹಾಗಾಯಿತು. ಅಪ್ಪಣೆ ಇಲ್ಲ, ಗುಂಡು ತುಂಬಿದೆ, ತಪ್ಪು ಎಂದು ಗೊತ್ತೂ ಇದೆ. ಕಾನೂನು ಮುರಿದು ಜೇಬಿನಲ್ಲಿಟ್ಟುಕೊಂಡ ವಸ್ತುವಿನಿಂದಲೇ ಒಬ್ಬನನ್ನು ಕೊಂದು, ಈಗ ಕಾನೂನಿನ ರಕ್ಷಣೆ ಕೇಳುತ್ತೀರಾ?"

"ಕಾನೂನು ಏನು ಕೊಡುತ್ತೋ ನನಗೆ ಗೊತ್ತಿಲ್ಲ ಸ್ವಾಮಿ. ಓಣಿಯಲ್ಲಿ ಏನಾಯ್ತು ಅಂತ ಹೇಳಬಲ್ಲೆ."

"ಹೇಳಿ."

"ಅವರು ಬಿಚ್ಚು ಅಂದ್ರು. ಗಿರಾಕಿಗಳ ವಾಚ್, ಹೋದ್ರೆ ಹೋಗ್ಲಿ ಅಂತ ಬಿಚ್ಚೋಕೆ ಶುರು ಮಾಡಿದೆ. ಜೇಬಿಗೆ ಕೈ ಹಾಕಿರಲಿಲ್ಲ. ನನ್ನ ಕೈ ನಡುಗ್ತಿತ್ತು, ಬಕಲ್ ಬರ್ಲಿಲ್ಲ. ಅವರ ಕೈನೂ ನಡುಗ್ತಿತ್ತು. ಹೊಸಬರು ಅಂತ ಗೊತ್ತಾಯ್ತು. ತಡ ಆಗಿದ್ದಕ್ಕೆ ಹೆದರಿ ಬೀಸಿದ್ರು, ಇಲ್ಲಿ ಕೊಯ್ತು. ಹಿಂದೆ ಸರಿದೆ, ಗೋಡೆ ಬಂತು. ಮತ್ತೆ ಹೊಟ್ಟೆಗೆ ಚುಚ್ಚೋಕೆ ಬಂದ್ರು. ಆಗ ತೆಗೆದೆ. ಒಂದೇ ಗುಂಡು. ಆರು ಗಂಟೆ ನಲವತ್ತಮೂರು ನಿಮಿಷ."

"ಅಷ್ಟು ನಿಖರವಾಗಿ ಹೇಗೆ ಗೊತ್ತು?"

"ನಾಲ್ಕು ವಾಚಿದ್ವಲ್ಲ. ನಾಲ್ಕರಲ್ಲೂ ಅದೇ ಇತ್ತು."

ಯಾರೂ ನಗಲಿಲ್ಲ. ಸರ್ಕಾರಿ ವಕೀಲರು ಬಿಡಲಿಲ್ಲ. "ಒಬ್ಬ ಮನುಷ್ಯನಿಗೆ ಗುಂಡು ಹೊಡೆದು ಗಡಿಯಾರ ನೋಡುತ್ತ ನಿಂತಿದ್ದಿರಿ?"

"ನಿಂತಿರಲಿಲ್ಲ, ಕೂತೆ. ನನ್ನ ಹತ್ರ ವಾಚ್ ಒರೆಸೋ ಬಟ್ಟೆ ಇತ್ತು, ಅದನ್ನ ಎಡಗೈಲಿ ಅವರ ಗಾಯಕ್ಕೆ ಒತ್ತಿ ಹಿಡಿದೆ. ಬಲಗೈಲಿ ನಾಡಿ ಹಿಡಿದೆ. ಕೂಗಿದೆ. ರಸ್ತೇಲಿ ಹೋಗ್ತಿದ್ದೋರು ಯಾರೋ ಆಂಬುಲೆನ್ಸಿಗೆ ಫೋನ್ ಮಾಡ್ತೀನಿ ಅಂತ ಓಡಿದ್ರು. ಎಷ್ಟು ಹೊತ್ತು ತಡೀತಾರೆ ಅಂತ ನನಗೆ ಗೊತ್ತಾಗ್ಬೇಕಿತ್ತು, ಅದಕ್ಕೆ ಎಣಿಸಿದೆ. ಮೊದಲನೇ ನಿಮಿಷ ನೂರಿಪ್ಪತ್ತು. ಐದನೇದಕ್ಕೆ ನೂರ ನಲವತ್ತು, ಆದ್ರೆ ಸಣ್ಣಗೆ. ಆಮೇಲೆ ಎಣಿಸೋಕೆ ಸಿಗಲಿಲ್ಲ, ಇದೆ ಅಂತ ಮಾತ್ರ ಗೊತ್ತಾಗ್ತಿತ್ತು. ಹನ್ನೆರಡನೇ ನಿಮಿಷಕ್ಕೆ ಬಿಟ್ಟು ಬಿಟ್ಟು ಬಂತು. ಆರು ಐವತ್ತೇಳಕ್ಕೆ ನಿಂತಿತು. ಆಂಬುಲೆನ್ಸ್ ಏಳಕ್ಕೆ ಬಂತು."

ಇವರ ದನಿ ಅಲ್ಲಿಗೆ ಒಡೆಯಿತು. ಮೂವತ್ತೊಂದು ವರ್ಷದಲ್ಲಿ ನಾನು ಕೇಳಿರದ ದನಿ. "ಎಷ್ಟೋ ನಿಂತ ವಾಚನ್ನ ಓಡಿಸಿದೀನಿ ಸ್ವಾಮಿ. ಹದಿನಾಲ್ಕು ನಿಮಿಷ ಕೈಯಲ್ಲಿ ಹಿಡ್ಕೊಂಡಿದ್ದೆ, ನನ್ನಿಂದ ಆಗ್ಲಿಲ್ಲ. ಆ ಪಿಸ್ತೂಲಿನ ರಿಪೇರಿ ಸರಿಯಾಗಿ ಆಗದೇ ಇದ್ದಿದ್ರೆ ಚೆನ್ನಾಗಿತ್ತು ಅಂತ ಒಂದೊಂದ್ಸಲ ಅನ್ನಿಸುತ್ತೆ. ಆದ್ರೆ ಆಗದೇ ಇದ್ದಿದ್ರೆ ನಾನು ಇವತ್ತು ಇಲ್ಲಿ ಇರ್ತಿರಲಿಲ್ಲ. ಎರಡೂ ನಿಜ."

ಈ ಹದಿನಾಲ್ಕು ನಿಮಿಷದ ಮಾತು ನನಗೂ ಹೇಳಿರಲಿಲ್ಲ. ಇವರಿಗೆ ನಾನು ಕೀ ಕೊಡುತ್ತೇನೆ ಎಂದು ಬೀದಿಯವರ ಜೊತೆ ನಾನೂ ನಂಬಿದ್ದೆನಲ್ಲ, ಎಷ್ಟು ಕುರುಡಿ ನಾನು. ಪೆದ್ದು, ಮಂಕು, ಲೋಕಜ್ಞಾನ ಇಲ್ಲದವರು ಎಂದು ದಿನಾ ಜರಿಯುತ್ತಿದ್ದ ಮನುಷ್ಯ ಅಲ್ಲಿ ಬರಿಗೈಯಲ್ಲಿ ನಿಂತಿದ್ದರು, ಕೋಣೆಗೆ ಕೋಣೆಯೇ ಉಸಿರು ಹಿಡಿದು ಅವರನ್ನು ನೋಡುತ್ತಿತ್ತು. ಜೀವಾವಧಿಯ ಭಯ ಹೋಗಿರಲಿಲ್ಲ. ಅದರ ಜೊತೆಯಲ್ಲೇ, ಇವರ ಮನೆಯಲ್ಲಿ ಬಾಳಿದೆನಲ್ಲ ಎಂದು ಕಣ್ಣು ತುಂಬಿ ಬಂತು. ಸರ್ಕಾರಿ ವಕೀಲರು ಕೈಯಲ್ಲಿದ್ದ ಕಾಗದವನ್ನು ಸುಮ್ಮನೆ ತಿರುವಿ ಹಾಕಿದರು.

ಆಗ ಹಿಂದಿನ ಬೆಂಚಿನಿಂದ ಒಂದು ದನಿ. "ಅಯ್ಯಾ, ನಾನೊಂದು ಮಾತು ಹೇಳ್ಬೇಕು."

ಇಸ್ತ್ರಿಯವಳು ಎದ್ದು ನಿಂತಿದ್ದಳು. ಕೂರಮ್ಮ ಎಂದು ಪೊಲೀಸಿನವನು ಗದರಿದ. ಜಡ್ಜ್ ಕೈ ಎತ್ತಿ ಅವನನ್ನು ತಡೆದರು, ಅವಳನ್ನು ಮತ್ತೆ ಕಟಕಟೆಗೆ ಕರೆಸಿದರು. ಅವಳು ಇವರ ಪಕ್ಕದಿಂದಲೇ ಹಾದು ಹೋಗಬೇಕಾಯಿತು. ಹೋಗುವಾಗ ಒಂದು ಕ್ಷಣ ನಿಂತು ಅವರ ಮುಖ ನೋಡಿದಳು.

"ಆ ಚಾಕು ನಮ್ಮ ಮನೇದೇ. ಹಿಡಿ ಮುರಿದಿತ್ತು, ನಾನೇ ಸೈಕಲ್ ಟ್ಯೂಬ್ ಸುತ್ತಿದ್ದೆ. ಅವತ್ತು ಸಂಜೆ ಅಡುಗೆಗೆ ಹುಡುಕಿದೆ, ಇರ್ಲಿಲ್ಲ. ಮೊದಲನೇ ದಿನ ಸುಳ್ಳು ಹೇಳಿದೆ. ಗಂಡನ್ನ ಕಳ್ಳ ಅನ್ನಿಸೋಕೆ ಮನಸ್ಸಾಗ್ಲಿಲ್ಲ. ಓಣೀಲಿ ನಾಯಿ ಹಂಗೆ ಒಬ್ಬನೇ ಬಿದ್ದು ಸತ್ತ ಅಂದ್ಕೊಂಡಿದ್ದೆ ಅಯ್ಯಾ. ಎಂಟು ತಿಂಗಳು ಹಂಗೇ ಅಂದ್ಕೊಂಡು ಮಲಗಿದೀನಿ."

ಅಷ್ಟು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೆಳಗಿಳಿದಳು. ಅವಳಿಗೆ ಆ ಮಾತಿನಿಂದ ಸಿಗುವುದು ಏನೂ ಇರಲಿಲ್ಲ. ಹೋಗುವುದೇ ಎಲ್ಲ. ಆ ಹೆಂಗಸನ್ನು ನಾನು ಕಣ್ಣಲ್ಲೇ ಸುಡಲು ನೋಡಿದ್ದೆ. ಅವಳು ನನ್ನ ಬೆಂಚಿನ ಪಕ್ಕದಿಂದ ಹೋಗುವಾಗ ನನ್ನ ಕೈ ತಾನಾಗಿ ಮುಗಿದುಕೊಂಡಿತ್ತು.

ಹದಿನೈದು ದಿನ ಬಿಟ್ಟು ತೀರ್ಪು. ಅಣ್ಣ, ಕಟಿಂಗ್ ಶಾಪಿನವನು, ಟೀಚರಮ್ಮ ಎಲ್ಲರೂ ಬಂದಿದ್ದರು. ಜಡ್ಜಿನ ನೆಗಡಿ ಹೋಗಿತ್ತು. ಉದ್ದದ ತೀರ್ಪು, ಅರ್ಧ ನನಗೆ ಅರ್ಥವಾಗಲಿಲ್ಲ. ನಡುವೆ ಒಂದು ಕಡೆ ಕಾಗದ ಬದಿಗಿಟ್ಟು ಇವರನ್ನೇ ನೋಡುತ್ತ ಹೇಳಿದ್ದು ಮಾತ್ರ ಅಕ್ಷರ ಅಕ್ಷರ ನೆನಪಿದೆ.

"ಪಿಸ್ತೂಲು ಇಟ್ಟುಕೊಳ್ಳುವ ಹಕ್ಕು ನಿಮಗೆ ಇರಲಿಲ್ಲ. ಬದುಕುವ ಹಕ್ಕು ಇತ್ತು. ಮೊದಲನೆಯದು ಇಲ್ಲ ಎಂಬ ಕಾರಣಕ್ಕೆ ಎರಡನೆಯದು ಹೋಗುವುದಿಲ್ಲ. ಜಗಳ ಹುಡುಕಿಕೊಂಡು ಆಯುಧ ಹಿಡಿದು ಹೊರಟವನಾಗಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ. ನೀವು ಅಂಥವರಲ್ಲ ಎಂದು ಹೇಗೆ ನಂಬಲಿ? ನಿಮಗೆ ಅನುಕೂಲವಾಗುವ ಸುಳ್ಳು ಈ ಕಟಕಟೆಯ ಮೇಲೆ ಸಿದ್ಧವಾಗಿತ್ತು. ನೀವು ಅದನ್ನು ತೆಗೆದುಕೊಳ್ಳಲಿಲ್ಲ. ಶಿಕ್ಷೆ ತರುವ ನಿಜವನ್ನು ಹೇಳಿದವರು ಉಳಿದದ್ದನ್ನೂ ನಿಜವೇ ಹೇಳಿದ್ದಾರೆ ಎಂದು ನಾನು ನಂಬುತ್ತೇನೆ. ಅದನ್ನು ಇನ್ನೊಬ್ಬರು ತಮ್ಮ ನಷ್ಟಕ್ಕೇ ಎದ್ದು ನಿಂತು ಖಚಿತ ಮಾಡಿದ್ದಾರೆ."

ಕೊಲೆಯ ಆರೋಪ ಬಿದ್ದುಹೋಯಿತು. ಅಪ್ಪಣೆ ಇಲ್ಲದ ಪಿಸ್ತೂಲಿಗೆ ಒಂದೂವರೆ ವರ್ಷ. ಒಳಗಿದ್ದ ದಿನಗಳನ್ನು ಕಳೆದರೆ ಇನ್ನು ಒಂಬತ್ತು ತಿಂಗಳು ಚಿಲ್ಲರೆ. ಟೀಚರಮ್ಮನಿಗೂ ನನಗೂ ಇಸ್ತ್ರಿಯವಳಿಗೂ ಎಚ್ಚರಿಕೆ ಕೊಟ್ಟು ಬಿಟ್ಟರು. ಸುಳ್ಳಾಡಿದ್ದು ಅಪರಾಧವೇ, ತಾವಾಗಿ ತಿದ್ದಿಕೊಂಡದ್ದರಿಂದ ಈ ಸಲಕ್ಕೆ ಇಷ್ಟೇ ಎಂದರು. ಎರಡು ಗಂಟು ಒಂದಕ್ಕೊಂದು ಸುತ್ತಿಕೊಂಡಿದ್ದನ್ನು ಆ ಮನುಷ್ಯ ಎಳೆ ಹರಿಯದ ಹಾಗೆ ಬಿಡಿಸಿದ್ದರು. ಇಂಥ ಕೆಲಸ ಮನುಷ್ಯರ ಕೈಯಲ್ಲಿ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಣ್ಣ ಪಕ್ಕದಲ್ಲಿ ಕಟಿಂಗ್ ಶಾಪಿನವನಿಗೆ, "ನೀನು ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ" ಎಂದು ಪಿಸುಗುಟ್ಟಿದ. ಸೋತೆ ಎಂದು ಅವನು ಜಪ್ಪಯ್ಯ ಎಂದರೂ ಒಪ್ಪುವವನಲ್ಲ.

ಹೊರಗೆ ವರಾಂಡದಲ್ಲಿ ಇವರನ್ನು ವ್ಯಾನಿಗೆ ಹತ್ತಿಸುವ ಮೊದಲು ಎರಡು ನಿಮಿಷ ಮಾತಾಡಲು ಬಿಟ್ಟರು. ನನಗೆ ಜೀವನದಲ್ಲಿ ಮೊದಲ ಸಲ ಮಾತು ಬರಲಿಲ್ಲ. "ಒಂಬತ್ತು ತಿಂಗಳು ತಾನೇ" ಎಂದು ಇವರೇ ಹೇಳಿದರು. ಅಷ್ಟರಲ್ಲಿ ಇಸ್ತ್ರಿಯವಳು ಕಂಬದ ಮರೆಯಿಂದ ಮುಂದೆ ಬಂದಳು. ಎಷ್ಟು ಹೊತ್ತಿನಿಂದ ಕಾದಿದ್ದಳೋ.

"ಅಣ್ಣ, ಒಂದು ಕೇಳ್ಬೇಕಿತ್ತು. ಆ ಹದಿನಾಲ್ಕು ನಿಮಿಷದಲ್ಲಿ ಅವರು ಏನಾದ್ರೂ ಅಂದ್ರಾ?"

ಅವಳ ಮುಖ ನೋಡಲಾಗಲಿಲ್ಲ. ನಾನು ಇವರನ್ನು ನೋಡಿದೆ. ನಿಮ್ಮ ಹೆಸರು ಹೇಳಿದರು ಎಂದುಬಿಡಿ, ಮನೆಯನ್ನು ನೆನೆದರು ಎಂದುಬಿಡಿ, ಇದೊಂದು ಸಲ, ಇದೊಂದೇ ಸಲ ಎಂದು ಒಳಗೊಳಗೇ ಬೇಡಿಕೊಂಡೆ. ಇವರು ಅವಳ ಕಡೆ ಪೂರ್ತಿ ತಿರುಗಿದರು.

"ಇಲ್ಲಮ್ಮ. ಏನೂ ಅನ್ನಲಿಲ್ಲ. ಮಾತು ಬರ್ತಿರಲಿಲ್ಲ ಅವರಿಗೆ. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ರು. ಕೊನೇವರೆಗೂ ಬಿಡಲಿಲ್ಲ."

ಅವಳು ಆ ಮಾತನ್ನು ಪೂರ್ತಿ ನಂಬಿದಳು. ಅದು ಅವಳ ಮುಖದಲ್ಲೇ ಕಂಡಿತು. ಒಂದು ಹೆಜ್ಜೆ ಮುಂದೆ ಬಂದು, "ಯಾವ ಕೈ?" ಎಂದಳು.

ಇವರು ಬಲಗೈ ಮುಂದೆ ಚಾಚಿದರು. ಗುಂಡು ಹಾರಿಸಿದ್ದೂ ಅದೇ ಕೈ ಎಂದು ಅವಳಿಗೆ ಗೊತ್ತಿತ್ತು, ನಮ್ಮೆಲ್ಲರಿಗೂ ಗೊತ್ತಿತ್ತು. ಅವಳು ಅದನ್ನು ತಿರುಗಿಸಿ ಅಂಗೈ ನೋಡಿದಳು. ಆಮೇಲೆ ಸುಟ್ಟ ಗುರುತಿನ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಳು. ಹೊತ್ತಾಯಿತು ಎಂದು ಪೊಲೀಸಿನವನು ಒಂದು ಸಲ ಹೇಳಿದ. ಅವಳು ಬಿಡಲಿಲ್ಲ, ಅವನೂ ಮತ್ತೆ ಹೇಳಲಿಲ್ಲ.